ಒಂದೇ ರೀತಿ ಮಾಡಲೇ?

ಯಂತ್ರಗಳು ಮನುಷ್ಯನಿಗೆ ಪ್ರಶ್ನೆ ಹಾಕುವ ಕಾಲ ಇದು. ಹೆಚ್ಚಿನ ಸಲ ಆ ಪ್ರಶ್ನೆಗಳನ್ನು ನಾವು ಓದುವುದೇ ಇಲ್ಲ. ‘ಹೌದು’ ಎಂದು ಒತ್ತಿ ಮುಂದೆ ಹೋಗುತ್ತೇವೆ. ಎಲ್ಲಕ್ಕೂ ನಿಂತು ಉತ್ತರ ಕೊಡುತ್ತಾ ಕೂತರೆ ದಿನದ ಕೆಲಸ ಸಾಗಲಿಕ್ಕಿಲ್ಲ ಎಂಬುದೂ ನಿಜವೇ. ಆದರೆ ಓದಿಯೂ ಓದದವನಂತೆ ನಾನು ಉತ್ತರ ಕೊಟ್ಟ ಒಂದು ಪ್ರಶ್ನೆ ಈಗಲೂ ನನ್ನನ್ನು ಬಿಟ್ಟಿಲ್ಲ. ‘ಎರಡನ್ನೂ ಒಂದೇ ರೀತಿ ಮಾಡಲೇ?’ ಎಂದು ನನ್ನ ಮೇಜಿನ ಮೇಲಿನ ಕಂಪ್ಯೂಟರು ಕೇಳಿತು. ‘ಮಾಡು’ ಎಂದೆ. ಅಷ್ಟೇ ನಡೆದದ್ದು. ಇಷ್ಟು ಸಣ್ಣ ಸಂಗತಿಯಲ್ಲಿ ಧರ್ಮಾಧರ್ಮದ ವಿಚಾರ ಏನಿದೆ ಎಂದು ಓದುಗರಿಗೆ ಅನ್ನಿಸಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು.

ನಾನು ಪಣಜಿಗೆ ಬಂದದ್ದು 1989ರಲ್ಲಿ. ಕೊಂಕಣ ರೈಲು ಇನ್ನೂ ಬಂದಿರಲಿಲ್ಲ. ಕಾರವಾರದ ದಾರಿಯಾಗಿ ಬಸ್ಸಿನಲ್ಲಿ ರಾತ್ರಿಯೆಲ್ಲ ಕುಲುಕಿಕೊಂಡು ಬರಬೇಕಾಗಿತ್ತು. ಬದಿಯಡ್ಕದ ಹತ್ತಿರದ ನಮ್ಮ ಮನೆಯಿಂದ ಹೊರಟಾಗ ನನ್ನ ಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಇದ್ದದ್ದು ಕ್ಯಾಸೆಟ್ಟುಗಳು. ತಂದೆಯವರಿಗೆ ತಾಳಮದ್ದಳೆಯ ಹುಚ್ಚು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಕುಂಬಳೆ ಸುಂದರ ರಾಯರ ಅರ್ಥ, ಬಲಿಪ ನಾರಾಯಣ ಭಾಗವತರ ಪದ ಎಂದರೆ ಎಷ್ಟು ದೂರವಾದರೂ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುವವರು ಅವರು. ತಂದೆಯವರು ತೀರಿಕೊಂಡ ಮೇಲೆ ಆ ಪೆಟ್ಟಿಗೆಯೆಲ್ಲ ನನ್ನ ಪಾಲಿಗೆ ಬಂತು. ಇನ್ನೂರಕ್ಕೆ ಎರಡು ಕಡಿಮೆ ಇದ್ದವು. ಪಣಜಿಯ ಮಳೆಗಾಲ ಹೇಗೆಂದು ಇಲ್ಲಿದ್ದವರಿಗೆ ಗೊತ್ತು. ಮಾಂಡವಿ ನದಿಯ ತೇವ ಗೋಡೆಯೊಳಗಿಂದ ಬಂದು ಕಪಾಟಿನಲ್ಲಿ ಕೂರುತ್ತದೆ. ಕ್ಯಾಸೆಟ್ಟಿನ ಪಟ್ಟಿಗೆ ಬೂಷ್ಟು ಹಿಡಿಯತೊಡಗಿತು. ಹಾಗಾಗಿ 2006ರಿಂದ ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಲು ಕೂತೆ.

ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ತೊಂಬತ್ತು ಮಿನಿಟಿನ ಕ್ಯಾಸೆಟ್ಟು ಇಳಿಯಲು ತೊಂಬತ್ತು ಮಿನಿಟೇ ಬೇಕು. ಇನ್ನೂರು ಕ್ಯಾಸೆಟ್ಟಿಗೆ ಮುನ್ನೂರು ಗಂಟೆ. ರಜೆಯ ದಿನಗಳನ್ನೆಲ್ಲ ಅದಕ್ಕೆ ಕೊಟ್ಟೆ. ಎಂ.ಪಿ.3 ಎಂಬ ರೂಪದಲ್ಲಿ ಇಟ್ಟರೆ ಒಂದು ಮಿನಿಟಿನ ದನಿಗೆ ಸುಮಾರು ಒಂದು ಎಂ.ಬಿ. ಜಾಗ ಸಾಕು, ಸಿ.ಡಿ.ಯಲ್ಲಿ ಅದೇ ದನಿ ಹಿಡಿಯುವ ಜಾಗದ ಹನ್ನೊಂದರಲ್ಲಿ ಒಂದು ಪಾಲು ಮಾತ್ರ. ಉಳಿದ ಹತ್ತು ಪಾಲು ಎಲ್ಲಿ ಹೋಯಿತು? ಮನುಷ್ಯನ ಕಿವಿ ಯಾವುದನ್ನು ಗಮನಿಸಲಾರದೋ ಅದನ್ನು ಲೆಕ್ಕಹಾಕಿ ಯಂತ್ರ ಮೊದಲೇ ಕೈಬಿಟ್ಟಿರುತ್ತದೆ. ಜೋರಾದ ಚೆಂಡೆಯ ಪೆಟ್ಟಿನ ಬೆನ್ನಿಗೇ ಬರುವ ಸಣ್ಣ ಸದ್ದು ಕಿವಿಗೆ ಬೀಳುವುದಿಲ್ಲ, ಆದ್ದರಿಂದ ಅದು ಬೇಡ ಎಂಬ ತರ್ಕ. ಜಾಣತನದ ಲೆಕ್ಕವೇ. ಆದರೆ ನನಗೆ ಏನು ಬೇಡ ಎಂಬುದನ್ನು ನನ್ನ ಪರವಾಗಿ ಬೇರೆಯವರು ತೀರ್ಮಾನಿಸುವ ಅಭ್ಯಾಸ ಅಲ್ಲಿಂದಲೇ ಶುರುವಾಗುತ್ತದೆ ಎಂಬುದು ಆಗ ಹೊಳೆದಿರಲಿಲ್ಲ. ಎಲ್ಲ ಸೇರಿ ಹದಿನೇಳು ಜಿ.ಬಿ. ಆಯಿತು. ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ವರ್ಷ ಎಂದು ಒಂದೊಂದಕ್ಕೂ ಹೆಸರು ಬರೆದೆ. ‘ಭಾಷೆ’ ಎಂಬ ಅಂಕಣದಲ್ಲಿ ಎಲ್ಲದಕ್ಕೂ ‘ಕನ್ನಡ’ ಎಂದು ತುಂಬಿದೆ. ಇಷ್ಟು ಅಚ್ಚುಕಟ್ಟಾದ ಸಂಗ್ರಹ ನಮ್ಮ ಕಡೆಯ ಯಾರ ಮನೆಯಲ್ಲೂ ಇರಲಿಕ್ಕಿಲ್ಲ ಎಂಬ ಸಣ್ಣ ಜಂಬವೂ ಬಂತು. ಈ ಜಂಬವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನದ್ದಕ್ಕೆ ಅದೇ ಬೀಜ.

2024ರ ಚೌತಿಗೆ ಅಮ್ಮ ಪಣಜಿಗೆ ಬಂದರು. ಗೋವೆಯಲ್ಲಿ ಚೌತಿ ಎಂದರೆ ವರ್ಷದ ದೊಡ್ಡ ಹಬ್ಬ. ಪಣಜಿ ಮಾರ್ಕೆಟಿನಲ್ಲಿ ಗಣಪತಿಯ ಮೇಲ್ಗಡೆ ಕಟ್ಟುವ ಮಾಟೋಳಿಗೆಂದು ಕಾಡುಕಾಯಿ, ಹಣ್ಣು, ಅಡಿಕೆಗೊನೆ ಎಲ್ಲ ರಾಶಿ ಬೀಳುತ್ತದೆ. ಅಡಿಕೆಗೊನೆಗೆ ಅಷ್ಟು ಹಣ ಕೊಟ್ಟು ಕೊಳ್ಳುವವರನ್ನು ನೋಡಿ ಅಮ್ಮನಿಗೆ ನಗುವೋ ನಗು. ಹಬ್ಬ ಮುಗಿದ ಮೇಲೂ ಒಂದು ವಾರ ನಿಂತರು. ಮಧ್ಯಾಹ್ನ ಊಟವಾಗಿ ಅಡ್ಡಾದಾಗ ತಮ್ಮ ಫೋನನ್ನು ಕಿವಿಯ ಹತ್ತಿರ ಇಟ್ಟುಕೊಂಡು ಏನೋ ಕೇಳುತ್ತಿದ್ದರು. ಸದ್ದು ಸಣ್ಣದು, ಗರಗರ. ಈ ಹಾಳು ಸದ್ದನ್ನು ಕೇಳುವ ಬದಲು ಅಪ್ಪನ ಕ್ಯಾಸೆಟ್ಟುಗಳನ್ನೆಲ್ಲ ಇದಕ್ಕೆ ತುಂಬಿಸಿ ಕೊಟ್ಟರೆ ಎಷ್ಟು ಸಂತೋಷಪಟ್ಟಾರು ಎಂದು ನನಗೆ ಹೊಳೆಯಿತು. ‘ಅಮ್ಮ, ಫೋನು ಒಂದು ಗಳಿಗೆ ಕೊಡಿ’ ಎಂದೆ. ಕೊಟ್ಟರು. ಯಾಕೆಂದು ಅವರು ಕೇಳಲಿಲ್ಲ. ಅದರಲ್ಲಿ ಏನಿದೆ ಎಂದು ನಾನೂ ಕೇಳಲಿಲ್ಲ.

ಮೊದಲ ಪ್ರಯತ್ನ ಸೋತಿತು. ಕಂಪ್ಯೂಟರಿನಲ್ಲಿ ‘ಅಮ್ಮನಿಗೆ’ ಎಂಬ ಹೆಸರಿನಲ್ಲಿ ಒಂದು ಪ್ಲೇಲಿಸ್ಟ್ ಮಾಡಿದ್ದೆ: ಬೆಳಗ್ಗಿಗೆ ಇಷ್ಟು, ಸಂಜೆಗೆ ಇಷ್ಟು ಎಂದು ನಲುವತ್ತು ಪದಗಳ ಆಯ್ಕೆ. ಅದನ್ನು ಫೋನಿಗೆ ಕಳಿಸಿದೆ. ಪಟ್ಟಿ ಬಂತು, ಹಾಡು ಬರಲಿಲ್ಲ. ಒಂದೊಂದು ಹೆಸರನ್ನು ಒತ್ತಿದರೂ ಮೌನ. ಕಾರಣ ಸರಳ. ಪ್ಲೇಲಿಸ್ಟ್ ಎಂಬುದರ ಒಳಗೆ ಹಾಡು ಇರುವುದಿಲ್ಲ. ಇಂಥ ಹಾಡು ಇಂಥ ಡಿಸ್ಕಿನ ಇಂಥ ಫೋಲ್ಡರಿನಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಪಣಜಿಯ ನನ್ನ ಕಂಪ್ಯೂಟರಿನ ವಿಳಾಸ ಫೋನಿನ ಊರಲ್ಲಿ ಇಲ್ಲ. ಮನೆ ಬಿಟ್ಟುಹೋದವರ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದ ಹಾಗೆ. ಆ ಸೋಲಿನಲ್ಲೇ ನಿಂತು ಯೋಚಿಸಿದ್ದರೆ ಒಳ್ಳೆಯದಿತ್ತು. ನಿಲ್ಲಲಿಲ್ಲ. ಬೇರೊಂದು ಪ್ರೋಗ್ರಾಮು ಹಿಡಿದೆ. ಕಂಪ್ಯೂಟರಿನ ಸಂಗೀತದ ಫೋಲ್ಡರನ್ನೂ ಫೋನಿನ ಸಂಗೀತದ ಫೋಲ್ಡರನ್ನೂ ಅದು ತಾನೇ ಹೋಲಿಸಿ ಸರಿಮಾಡುತ್ತದೆ. ಕೇಬಲ್ ಸಿಕ್ಕಿಸಿದ ಕೂಡಲೇ ಅದು ಕೇಳಿತು: ಎರಡನ್ನೂ ಒಂದೇ ರೀತಿ ಮಾಡಲೇ? ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು: ಮೂಲದಲ್ಲಿ ಇಲ್ಲದ ಹನ್ನೊಂದು ಫೈಲುಗಳು ಅಳಿಸಲ್ಪಡುತ್ತವೆ. ಆ ಸಾಲನ್ನು ನಾನು ಕಂಡೆ. ಅಂಗಡಿಯವರು ಮೊದಲೇ ತುಂಬಿಸಿಕೊಡುವ ಏನೋ ಕಸವಿರಬೇಕು ಎಂದುಕೊಂಡೆ. ಹೌದು ಎಂದು ಒತ್ತಿದೆ.

ಆ ಹನ್ನೊಂದು ಫೈಲುಗಳು ಅಮ್ಮ ತಾವೇ ರೆಕಾರ್ಡು ಮಾಡಿಕೊಂಡವು. ಅವರ ಫೋನು ಅವನ್ನೂ ಅದೇ ಫೋಲ್ಡರಿನಲ್ಲಿ ಇಡುತ್ತಿತ್ತು. ಮದುವೆಯ ಶೋಭಾನೆ, ಆರತಿ ಹಾಡು, ತೊಟ್ಟಿಲ ಹಾಡು ಎಂದು ಬಾಯಿಯಿಂದ ಬಾಯಿಗೆ ಬಂದವು, ಪುಸ್ತಕದಲ್ಲಿ ಇಲ್ಲದವು, ಹೆಚ್ಚಿನವು ಹವ್ಯಕ ಮಾತಿನವು. ಒಂಬತ್ತರಲ್ಲಿ ಅಮ್ಮನ ದನಿ ಮಾತ್ರ. ಎರಡರಲ್ಲಿ ಅಮ್ಮನೂ ಅವರ ಅಕ್ಕನೂ, ಎಂದರೆ ನನ್ನ ದೊಡ್ಡಮ್ಮನೂ, ಒಟ್ಟಿಗೆ ಹಾಡಿದ್ದರು. ದೊಡ್ಡಮ್ಮ ತೀರಿಕೊಂಡು ಆಗ ಎಂಟು ತಿಂಗಳು. ಮಧ್ಯಾಹ್ನ ಅಮ್ಮ ಕೇಳುತ್ತಿದ್ದ ಗರಗರ ಸದ್ದು ಅದು. ಕೇಬಲಿನ ಮೂಲಕ ಅಳಿಸಿದ್ದು ಕಸದ ಬುಟ್ಟಿಗೂ ಬೀಳುವುದಿಲ್ಲ. ಅದರ ಮೇಲೆ ಹದಿನೇಳು ಜಿ.ಬಿ. ತುಂಬಿಸಿಯೂ ಆಗಿತ್ತು. ಈಗಿನ ಫೋನುಗಳು ಒಳಗಿನದನ್ನೆಲ್ಲ ಗೂಢಲಿಪಿಯಲ್ಲಿ ಇಡುವುದರಿಂದ, ಅಳಿದದ್ದನ್ನು ಮರಳಿ ತೆಗೆಯುವುದು ಬಹುತೇಕ ಆಗದ ಮಾತು ಎಂದು ರಿಪೇರಿಯವರೂ ಹೇಳಿದರು.

ಅಮ್ಮನ ಹತ್ತಿರ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹೋದರೆ ಹೋಗಲಿ ಮಗ, ಇನ್ನೊಂದರಿ ಹೇಳಿರೆ ಆತು’ ಎಂದರು. ನನ್ನ ಸಮಾಧಾನಕ್ಕಾಗಿ ಆಡಿದ ಮಾತು ಅದು. ಅವರ ಒಂಬತ್ತು ಹಾಡಿನ ಮಟ್ಟಿಗೆ ನಿಜವೂ ಹೌದು. ಉಳಿದ ಎರಡರ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇಲ್ಲಿಂದ ನನ್ನ ಪ್ರಶ್ನೆ ಶುರುವಾಗುತ್ತದೆ. ನಾನು ನಾಶ ಮಾಡಿದ್ದು ಏನನ್ನು? ಹಾಡನ್ನಲ್ಲ. ಆ ಎರಡು ಹಾಡುಗಳೂ ಅಮ್ಮನಿಗೆ ಬಾಯಿಪಾಠ ಇವೆ. ಬೇಕಾದರೆ ಈಗಲೇ ಹೇಳಿಯಾರು. ಹಾಗಾದರೆ ದನಿಯನ್ನೇ? ದೊಡ್ಡಮ್ಮನ ದನಿ ದೊಡ್ಡಮ್ಮನ ಜೊತೆಗೇ ಹೋಗಿತ್ತು. ಉಳಿದಿದ್ದದ್ದು ಒಂದು ದಿನ ಒಂದು ಚಾವಡಿಯಲ್ಲಿ ಇಬ್ಬರು ಮುದುಕಿಯರು ಕೂತು ಹಾಡಿದ್ದರ ಗುರುತು. ಹಾಡು ನೂರು ಸಲ ಮರಳಿ ಹುಟ್ಟುತ್ತದೆ, ಹಾಡಿದ್ದು ಒಂದೇ ಸಲ. ಮೊದಲನೆಯದನ್ನು ಉಳಿಸುವುದು ಪರಂಪರೆಯ ಕೆಲಸ, ಎರಡನೆಯದನ್ನು ಉಳಿಸುವುದು ಪ್ರೀತಿಯ ಕೆಲಸ. ನಾನು ಮುನ್ನೂರು ಗಂಟೆ ಪರಂಪರೆಯ ಸೇವೆ ಮಾಡಿದವನು. ಪಕ್ಕದ ಕೋಣೆಯಲ್ಲಿ ನಡೆಯುತ್ತಿದ್ದ ಪ್ರೀತಿಯ ಕೆಲಸ ನನ್ನ ಕಿವಿಗೆ ಗರಗರ ಸದ್ದಾಗಿ ಕೇಳಿತು.

ಉದ್ದೇಶ ಒಳ್ಳೆಯದಿತ್ತಲ್ಲ ಎಂದು ಮನೆಯವರು ಹೇಳಿದರು. ಗೊತ್ತಿಲ್ಲದೆ ಆದದ್ದು ಎಂದೂ ಹೇಳಿದರು. ಈ ಎರಡು ಸಮಾಧಾನಗಳನ್ನು ನಾನು ಬಹಳ ದಿನ ತೂಗಿ ನೋಡಿದ್ದೇನೆ. ನಮ್ಮ ತಾಳಮದ್ದಳೆಯ ಕೂಟಗಳಲ್ಲಿ ದಶರಥನ ಬಾಯಿಗೆ ಬರುವ ಮಾತು ನೆನಪಾಗುತ್ತದೆ. ಅವನು ಕತ್ತಲಲ್ಲಿ ಸರಯೂ ನದಿಯ ಹತ್ತಿರ ಸದ್ದು ಕೇಳಿ ಬಾಣ ಬಿಟ್ಟವನು. ಕೊಡ ತುಂಬುವ ಸದ್ದು ಆನೆ ನೀರು ಕುಡಿಯುವ ಸದ್ದಿನ ಹಾಗೆ ಕೇಳಿತು. ಬಾಣ ತಾಗಿದ್ದು ಕುರುಡು ತಂದೆತಾಯಿಯರಿಗೆ ನೀರು ಒಯ್ಯಲು ಬಂದ ಹುಡುಗನಿಗೆ. ‘ನಾನು ಅರಿಯದೆ ಮಾಡಿದೆ’ ಎಂಬುದು ನಿಜವಾದ ವಾದವೇ. ಆದರೆ ಅವನ ತಪ್ಪು ಅರಿಯದಿದ್ದುದರಲ್ಲಿ ಇಲ್ಲ. ಅರಿಯುವ ಮೊದಲೇ ಬಿಟ್ಟದ್ದರಲ್ಲಿ ಇದೆ. ಶಬ್ದವೇಧಿ ವಿದ್ಯೆ ಬರುತ್ತದೆ ಎಂಬ ಜಂಬ ಇಲ್ಲದಿದ್ದರೆ ಕತ್ತಲಲ್ಲಿ ಬಿಲ್ಲು ಎತ್ತುತ್ತಿರಲಿಲ್ಲ. ಅಜ್ಞಾನ ಬೇರೆ, ಕೇಳದಿರುವುದು ಬೇರೆ. ಅಮ್ಮ ನನ್ನ ಎದುರಿಗೇ ಕೂತಿದ್ದರು. ‘ಇದರಲ್ಲಿ ಏನಿದೆ?’ ಎಂದು ಕೇಳಲು ಮೂರು ಸೆಕೆಂಡು ಸಾಕಾಗಿತ್ತು. ಕೇಳದಿರಲು ಕಾರಣ ಪುರುಸೊತ್ತಿಲ್ಲದ್ದಲ್ಲ. ಅದರಲ್ಲಿ ಬೆಲೆಬಾಳುವಂಥದ್ದು ಇರಲು ಸಾಧ್ಯವಿಲ್ಲ ಎಂಬ ನಂಬಿಕೆ.

ಇನ್ನು ಯಂತ್ರದ ಮಾತು. ಜನ ಇದನ್ನು ‘ಸಿಂಕ್’ ಎನ್ನುತ್ತಾರೆ. 2001ರಲ್ಲಿ ಆಪಲ್ ಕಂಪೆನಿ ಐಟ್ಯೂನ್ಸ್ ಎಂಬ ಪ್ರೋಗ್ರಾಮನ್ನೂ ಅದೇ ವರ್ಷದ ಅಕ್ಟೋಬರಿನಲ್ಲಿ ಐಪಾಡ್ ಎಂಬ ಕಿಸೆಯ ಸಾಧನವನ್ನೂ ಹೊರತಂದ ಮೇಲೆ ಇದು ಮನೆಮಾತಾಯಿತು. ಅದರ ತತ್ವ ಇಷ್ಟು: ಕಂಪ್ಯೂಟರಿನ ಸಂಗ್ರಹ ಮೂಲ, ಕಿಸೆಯಲ್ಲಿರುವುದು ಅದರ ನೆರಳು. ಮೂಲದಲ್ಲಿ ಸೇರಿಸಿದರೆ ನೆರಳಿನಲ್ಲೂ ಸೇರುತ್ತದೆ, ಮೂಲದಲ್ಲಿ ತೆಗೆದರೆ ನೆರಳಿನಲ್ಲೂ ಹೋಗುತ್ತದೆ. ಒಂದು ಸಾಧನ ಒಂದು ಸಮಯಕ್ಕೆ ಒಂದೇ ಸಂಗ್ರಹಕ್ಕೆ ಸೇರಿದ್ದು. ಇನ್ನೊಂದು ಕಂಪ್ಯೂಟರಿಗೆ ಕಟ್ಟಬೇಕಾದರೆ ಹಳೆಯದನ್ನು ಅಳಿಸಬೇಕು. ಕಂಪ್ಯೂಟರ್ ತಿಳಿದವರಲ್ಲಿ 1996ರಿಂದ ಬಳಕೆಯಲ್ಲಿರುವ ಆರ್‌ಸಿಂಕ್ ಎಂಬ ಸಾಧನದಲ್ಲಾದರೋ ಮೂಲದಲ್ಲಿಲ್ಲದ್ದನ್ನು ಅಳಿಸು ಎಂದು ಬೇರೆಯಾಗಿ ಹೇಳಿದರೆ ಮಾತ್ರ ಅಳಿಸುತ್ತದೆ. ಹೇಳದಿದ್ದರೆ ಸೇರಿಸಿ ಸುಮ್ಮನಿರುತ್ತದೆ. ಈ ಎರಡು ನಡೆಗಳ ಅಂತರ ತಾಂತ್ರಿಕವಾದದ್ದು ಮಾತ್ರವಲ್ಲ. ಕೊಡುವುದೂ ಒಂದು ಕ್ರಮ, ತನ್ನಂತೆ ಮಾಡಿಕೊಳ್ಳುವುದೂ ಒಂದು ಕ್ರಮ. ಕೊಡುವವನ ಕೈಯಲ್ಲಿ ಎರಡೂ ಒಂದೇ ಗುಂಡಿ ಒತ್ತಿದ ಹಾಗೆ ತೋರುತ್ತದೆ. ಪಡೆಯುವವರ ಕಡೆಯಿಂದ ನೋಡಿದರೆ ಒಂದು ಉಡುಗೊರೆ, ಇನ್ನೊಂದು ಒಕ್ಕಲೆಬ್ಬಿಸುವಿಕೆ.

ಲೋಕದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಗಳೂ ಆಗಿಹೋಗಿವೆ. 2009ರ ಜುಲೈಯಲ್ಲಿ ಅಮೆಜಾನ್ ಕಂಪೆನಿ, ಹಕ್ಕುಸ್ವಾಮ್ಯದ ತೊಡಕು ಕಂಡಿತೆಂದು, ಗಿರಾಕಿಗಳು ಹಣ ಕೊಟ್ಟು ಕೊಂಡಿದ್ದ ಪುಸ್ತಕಗಳನ್ನು ಅವರ ಕಿಂಡಲ್‌ಗಳಿಂದ ದೂರದಲ್ಲಿದ್ದೇ ಅಳಿಸಿತು. ಅವುಗಳಲ್ಲಿ ಒಂದು ಜಾರ್ಜ್ ಆರ್ವೆಲ್ಲನ ‘1984’. ಅಧಿಕಾರದಲ್ಲಿರುವವರು ಹಳೆಯ ಬರಹಗಳನ್ನು ತಿದ್ದಿ ಅಳಿಸುವ ಕತೆಯೇ ಅದು. ಕಂಪೆನಿ ಮತ್ತೆ ಕ್ಷಮೆ ಕೇಳಿತು. ಮೈಸ್ಪೇಸ್ ಎಂಬ ತಾಣ 2003ರಿಂದ 2015ರವರೆಗೆ ಜನ ತಂದಿಟ್ಟಿದ್ದ ಸಂಗೀತವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವಾಗ ಕಳೆದುಕೊಂಡಿತೆಂದು 2019ರಲ್ಲಿ ತಿಳಿದುಬಂತು. ಐದು ಕೋಟಿಯಷ್ಟು ಹಾಡುಗಳು ಎಂದು ಅಂದಾಜು. ಅಲ್ಲಿ ಮನಸ್ಸಿಲ್ಲದ ಕಂಪೆನಿಗಳು ಮಾಡಿದ್ದನ್ನು ಇಲ್ಲಿ ಮಗನೇ ಮಾಡಿದ್ದಾನೆ. ಹಾಗಾಗಿ ಕಂಪೆನಿಗಳನ್ನು ಬೈದು ಹಗುರಾಗುವ ದಾರಿ ನನಗೆ ಇಲ್ಲ.

‘ಸಿಂಕ್’ ಎಂಬುದರ ಮೂಲ ಗ್ರೀಕ್ ಮಾತಿಗೆ ‘ಕಾಲ ಒಂದಾಗುವುದು’ ಎಂದು ಅರ್ಥ. ಈ ಅರ್ಥ ಹಿಡಿದು ನೋಡಿದರೆ ನನ್ನ ಬಾಲ್ಯದಲ್ಲಿಯೇ ನಿಜವಾದ ಸಿಂಕ್ ಇತ್ತು. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಅಲ್ಲಿಂದ ತಾಳಮದ್ದಳೆ ಬರುವ ರಾತ್ರಿ ಗಡಿಯ ಆಚೆ ಈಚೆ ಎನ್ನದೆ ಮನೆಮನೆಯ ಚಾವಡಿಯಲ್ಲಿ ಒಂದೇ ಗಳಿಗೆಗೆ ಒಂದೇ ಪದ ಕೇಳುತ್ತಿತ್ತು. ಗುಡ್ಡದ ದಾರಿಯಲ್ಲಿ ನಡೆದು ಬಂದರೆ ಒಂದು ಮನೆಯಲ್ಲಿ ತಪ್ಪಿದ ಮಾತನ್ನು ಇನ್ನೊಂದು ಮನೆಯ ಅಂಗಳದಲ್ಲಿ ಮುಂದುವರಿಸಿ ಕೇಳಬಹುದಾಗಿತ್ತು. ಕಾಲ ಒಂದಾಗಿತ್ತು, ಮನೆಗಳು ಒಂದಾಗಿರಲಿಲ್ಲ. ಮರುದಿನ ಶೇಣಿಯವರ ವಾದ ಸರಿಯೆಂದು ಒಂದು ಮನೆ, ಎದುರು ಅರ್ಥದವರದ್ದು ಸರಿಯೆಂದು ಇನ್ನೊಂದು ಮನೆ. ಒಟ್ಟಿಗೆ ಕೇಳುವುದಕ್ಕೂ ಒಂದೇ ಆಗುವುದಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಕಲೆಯಲ್ಲೇ ಇದಕ್ಕೆ ಒಳ್ಳೆಯ ಮಾತು ಇದೆ: ಶ್ರುತಿ ಕೂಡುವುದು. ಭಾಗವತರ ಕಂಠಕ್ಕೆ ಶ್ರುತಿ ಹಿಡಿದು ಮದ್ದಳೆಯನ್ನು ಸರಿಮಾಡಿಕೊಳ್ಳುತ್ತಾರೆ. ಮದ್ದಳೆ ಮದ್ದಳೆಯಾಗಿಯೇ ಇರುತ್ತದೆ, ಭಾಗವತರ ಹಾಗೆ ಹಾಡಲು ತೊಡಗುವುದಿಲ್ಲ. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಪುಸ್ತಕ ನೋಡದೆ ಪ್ರಸಂಗಗಳನ್ನು ಹಾಡಿ ಮುಗಿಸುತ್ತಿದ್ದವರು. ಅರ್ಥವಂತೂ ಯಾರೂ ಬರೆದಿಟ್ಟದ್ದಲ್ಲ. ಎದುರಿನವರ ಮಾತು ಕೇಳಿಯೇ ಉತ್ತರ ಹುಟ್ಟಬೇಕು. ಅಂಥ ಕಲೆಯನ್ನು ಮುನ್ನೂರು ಗಂಟೆ ಕೇಳಿದವನಿಗೆ, ಎದುರಿಗಿರುವವರ ಮಾತು ಕೇಳಿ ಮುಂದಿನ ಹೆಜ್ಜೆ ಇಡಬೇಕೆಂಬ ಒಂದು ಪಾಠ ಮಾತ್ರ ಹತ್ತಿರಲಿಲ್ಲ.

ಈ ವಾರ್ಷಿಕವನ್ನು ಓದುವ ಮನೆಗಳಿಗೆ ನಾನು ಇಲ್ಲಿಂದ ಮುಂದೆ ಹೇಳಲಿರುವುದು ಊಹೆಗೆ ಬಂದಿರಬಹುದು. 1956ರ ನವೆಂಬರ್ 1ರಿಂದ ನಮ್ಮ ತಾಲೂಕು ಕೇರಳದ್ದಾಯಿತು. ಅಂದಿನಿಂದ ‘ಮೂಲದಲ್ಲಿ ಇಲ್ಲದ್ದು’ ಎಂಬ ಪಟ್ಟಿಯಲ್ಲಿ ನಮ್ಮ ಶಾಲೆ, ನಮ್ಮ ಅರ್ಜಿ, ನಮ್ಮ ಬೋರ್ಡು ಯಾವಾಗ ಬಿದ್ದೀತೋ ಎಂಬ ಅಂಜಿಕೆಯಲ್ಲಿ ಬೆಳೆದವರು ನಾವು. ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡುವ ಕಾನೂನು 2017ರಲ್ಲಿ ಬಂದಾಗಲೂ ನಮ್ಮವರು ಬೀದಿಗೆ ಇಳಿದದ್ದು ಇದೇ ಅಂಜಿಕೆಯಿಂದ. ಮಲಯಾಳದ ಮೇಲೆ ನಮಗೆ ಕೋಪವಿಲ್ಲ. ನೆರೆಮನೆಯ ಮಾತು ಅದು, ನಮ್ಮ ಸಂತೆಯ ಮಾತು, ಈ ಪುಸ್ತಕದ ಇನ್ನರ್ಧದ ಮಾತು. ಕಲಿಯುವುದರಿಂದ ಸೇರುತ್ತದೆ, ಕಳೆಯುವುದಿಲ್ಲ. ನಾವು ಬೇಡ ಎಂದದ್ದು ಸೇರಿಸುವುದನ್ನಲ್ಲ, ಅಳಿಸುವುದನ್ನು. ಇದನ್ನು ಅರುವತ್ತು ವರ್ಷ ಊರಿಗೆ ಊರೇ ಹೇಳಿಕೊಂಡು ಬಂದಿದೆ. ಅದೇ ಊರಿನವನಾದ ನಾನು ನನ್ನ ಅಮ್ಮನ ಫೋನಿಗೆ ಏನು ಮಾಡಿದೆ? ನನ್ನ ‘ಭಾಷೆ’ ಅಂಕಣದಲ್ಲಿ ಕನ್ನಡ ಎಂಬ ಒಂದೇ ಶಬ್ದವಿತ್ತು. ಹವ್ಯಕ ಮಾತಿಗೆ, ತುಳುವಿಗೆ, ಕರಾಡರ ಮಾತಿಗೆ, ಬ್ಯಾರಿಗೆ ಅಲ್ಲಿ ಮನೆ ಇರಲಿಲ್ಲ. ಅಲ್ಪಸಂಖ್ಯಾತನಾಗಿ ಹುಟ್ಟಿದ ಮಾತ್ರಕ್ಕೆ ಅಲ್ಪವಾದದ್ದನ್ನು ಗೌರವಿಸುವ ಗುಣ ತಾನಾಗಿ ಬರುವುದಿಲ್ಲ. ತನಗಿಂತ ಸಣ್ಣದರ ಎದುರು ನಿಂತಾಗ ಅವನೂ ಮೂಲಪ್ರತಿಯೇ.

ನಾನಿರುವ ಊರಿನಲ್ಲೂ ಇದೇ ಕತೆ ಇದೆ. ಕೊಂಕಣಿ ಮರಾಠಿಯ ಒಂದು ಉಪಭಾಷೆ, ಆದ್ದರಿಂದ ಗೋವೆಯನ್ನು ಮಹಾರಾಷ್ಟ್ರಕ್ಕೆ ಸೇರಿಸಿದರೆ ಆಯಿತು ಎಂಬ ವಾದ ಒಂದು ಕಾಲಕ್ಕೆ ಬಲವಾಗಿತ್ತು. 1967ರ ಜನವರಿ 16ರಂದು ಜನಮತ ಕೇಳಿದಾಗ ನೂರಕ್ಕೆ 54 ಮಂದಿ ಸೇರುವುದು ಬೇಡ ಎಂದರು. 1987ರಲ್ಲಿ ಕೊಂಕಣಿ ರಾಜ್ಯದ ಭಾಷೆಯಾಯಿತು, 1992ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿತು. ಆದರೆ ಆ 1987ರ ಕಾನೂನು ಕೊಂಕಣಿ ಎಂದರೆ ದೇವನಾಗರಿಯಲ್ಲಿ ಬರೆದ ಕೊಂಕಣಿ ಎಂದಿತು. ರೋಮನ್ ಲಿಪಿಯಲ್ಲಿ ತಿಯಾತ್ರ್ ಬರೆದು, ಹಾಡು ಕಟ್ಟಿ, ಪತ್ರಿಕೆ ನಡೆಸಿದವರು ನಮ್ಮ ಗತಿ ಏನು ಎಂದು ಇಂದಿಗೂ ಕೇಳುತ್ತಾರೆ. ಕನ್ನಡ, ಮಲಯಾಳ ಲಿಪಿಗಳಲ್ಲೂ ಕೊಂಕಣಿ ಬರೆಯುವವರಿದ್ದಾರೆ. ನೆರಳು ಎನ್ನಿಸಿಕೊಂಡು ನೊಂದವರೇ ಮೂಲವಾದ ಕೂಡಲೇ ಇನ್ನೊಬ್ಬರನ್ನು ನೆರಳು ಮಾಡುವುದು ಮನುಷ್ಯಸ್ವಭಾವದ ಒಂದು ದೊಡ್ಡ ದುಃಖ.

ಈ ವಾದವನ್ನು ಅತಿಗೆ ಒಯ್ಯಬಾರದು ಎಂಬ ಎಚ್ಚರವೂ ನನಗಿದೆ. ಒಪ್ಪವಿಲ್ಲದೆ ಯಾವುದೂ ಉಳಿಯುವುದಿಲ್ಲ. ನಾನು ಕೂತು ಇಳಿಸದಿದ್ದರೆ ತಂದೆಯವರ ಕ್ಯಾಸೆಟ್ಟುಗಳು ಪಣಜಿಯ ಬೂಷ್ಟಿಗೆ ಎಂದೋ ಆಹುತಿಯಾಗುತ್ತಿದ್ದವು. ಎಲ್ಲವನ್ನೂ ಇಟ್ಟುಕೊಳ್ಳುತ್ತೇನೆ ಎನ್ನುವವನ ಮನೆ ಉಗ್ರಾಣವಾಗುತ್ತದೆ, ಬೇಕಾದದ್ದು ಕೈಗೆ ಸಿಗುವುದಿಲ್ಲ. ಆಯ್ಕೆ ಬೇಕು, ಆಯ್ಕೆ ಎಂದ ಮೇಲೆ ಬಿಡುವುದೂ ಬೇಕು. ಫೋನ್ ನಂಬರುಗಳ ಪಟ್ಟಿ ಎರಡು ಕಡೆ ಎರಡು ರೀತಿ ಇದ್ದರೆ ಉಪದ್ರವೇ ಹೊರತು ಸಂಸ್ಕೃತಿಯಲ್ಲ. ಆದ್ದರಿಂದ ಒಂದೇ ರೀತಿ ಮಾಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ತನ್ನದನ್ನು ತಾನು ಬಿಡುವುದು ಆಯ್ಕೆ. ಇನ್ನೊಬ್ಬರದ್ದನ್ನು ಅವರ ಪರವಾಗಿ ಬಿಡುವುದು ಆಯ್ಕೆಯಲ್ಲ, ಎಷ್ಟೇ ಪ್ರೀತಿಯಿಂದ ಮಾಡಿದರೂ. ಅಮ್ಮನೇ ಆ ಹನ್ನೊಂದನ್ನು ಕೇಳಿ, ಸಾಕು ಎಂದು ಅಳಿಸಿದ್ದರೆ ನನಗೆ ಬರೆಯಲು ಏನೂ ಇರುತ್ತಿರಲಿಲ್ಲ.

ಒಂದು ಸಂಗತಿ ಉಳಿದಿದೆ. ಅಮ್ಮ ಊರಿಗೆ ಹೋದ ತಿಂಗಳ ಮೇಲೆ ಮುಳ್ಳೇರಿಯಾದಲ್ಲಿರುವ ಅತ್ತಿಗೆಯ ಫೋನು ಬಂತು. ಆ ಎರಡು ಹಾಡುಗಳಲ್ಲಿ ಒಂದನ್ನು ಅಮ್ಮ ಎಂದೋ ವಾಟ್ಸಾಪಿನಲ್ಲಿ ಅವರಿಗೆ ಕಳಿಸಿದ್ದರಂತೆ. ಅತ್ತಿಗೆ ಅಳಿಸಲು ಉದಾಸೀನವಾಗಿ ಹಾಗೇ ಬಿಟ್ಟಿದ್ದರು. ಶುಭೋದಯದ ಚಿತ್ರಗಳ, ಮದುವೆ ಕರೆಯೋಲೆಗಳ ರಾಶಿಯ ನಡುವೆ ಅದು ಬಿದ್ದಿತ್ತು. ಅದಕ್ಕೆ ಹೆಸರಿಲ್ಲ, ಅದು ಯಾವ ಪಟ್ಟಿಯಲ್ಲೂ ಇಲ್ಲ. ನನ್ನ ಅಚ್ಚುಕಟ್ಟು ಅಳಿಸಿದ್ದನ್ನು ಅವರ ಅಸ್ತವ್ಯಸ್ತ ಉಳಿಸಿತು. ಇದನ್ನು ಕೇಳಿದಾಗ ನನಗೆ ಪುಣೆಯ ಭಂಡಾರಕರ್ ಸಂಸ್ಥೆಯ ಮಹಾಭಾರತ ನೆನಪಾಯಿತು. 1919ರಲ್ಲಿ ಹಿಡಿದ ಆ ಕೆಲಸ 1966ರಲ್ಲಿ ಮುಗಿಯಿತು. 1,259 ಹಸ್ತಪ್ರತಿಗಳನ್ನು ಹೋಲಿಸಿ ನೋಡಿದರು. ಕಾಶ್ಮೀರದ ಶಾರದಾ ಲಿಪಿಯಿಂದ ಹಿಡಿದು ಮಲಯಾಳ ಲಿಪಿಯ ಓಲೆಗರಿಯವರೆಗೆ ಒಂದೊಂದರಲ್ಲೂ ಒಂದಿಷ್ಟು ಬೇರೆ ಪಾಠ. ಬೇರೆಯಾದದ್ದನ್ನು ಬಿಸಾಡದೆ ಪುಟದ ಕೆಳಗೆ ಟಿಪ್ಪಣಿಯಾಗಿ ಉಳಿಸಿಕೊಂಡರು. ಯಾವನೋ ಅರಸ ಯಾವುದೋ ಕಾಲದಲ್ಲಿ ಎಲ್ಲ ಪ್ರತಿಗಳನ್ನೂ ತನ್ನ ಅರಮನೆಯ ಪ್ರತಿಯಂತೆ ಮಾಡಿಸಿದ್ದರೆ ಆ ವಿದ್ವಾಂಸರಿಗೆ ಹೋಲಿಸಲು ಏನೂ ಇರುತ್ತಿರಲಿಲ್ಲ. ಅರಮನೆಯ ತಪ್ಪೇ ವ್ಯಾಸರ ಮಾತಾಗಿರುತ್ತಿತ್ತು.

ಅತ್ತಿಗೆ ಕಳಿಸಿದ್ದನ್ನು ಪಣಜಿಯಲ್ಲಿ ಕೂತು ಕೇಳಿದೆ. ಮೂರು ಮಿನಿಟು. ನಡುವೆ ಕುಕ್ಕರಿನ ಸೀಟಿ, ಒಂದು ಮಗುವಿನ ಅಳು, ದೊಡ್ಡಮ್ಮ ಒಂದು ಕಡೆ ಸಾಲು ತಪ್ಪಿ ನಕ್ಕದ್ದು. ಹಳೆಯ ಚಾಳಿಯಂತೆ ಆ ಸೀಟಿಯನ್ನು ತೆಗೆದು ಶುದ್ಧ ಮಾಡೋಣ ಎಂದು ಕೈ ಹೋಯಿತು. ಬಿಟ್ಟೆ. ‘ಭಾಷೆ’ಯ ಅಂಕಣವನ್ನು ಖಾಲಿ ಬಿಟ್ಟು ಬೇರೊಂದು ಫೋಲ್ಡರಿನಲ್ಲಿ ಇಟ್ಟು, ಮೊದಲು ಅಮ್ಮನಿಗೆ ಫೋನು ಮಾಡಿ, ನಿಮಗೂ ಕಳಿಸಲೇ ಎಂದು ಕೇಳಿದೆ.

‘ಕಳಿಸು’ ಎಂದರು. ಸ್ವಲ್ಪ ತಡೆದು, ‘ನೀನೊಂದು ಹೇಳು ಕಾಂಬೊ, ನಿನಗೆ ಯಾವುದು ಬತ್ತು?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಹದಿನೇಳು ಜಿ.ಬಿ. ಇದೆ, ಬಾಯಲ್ಲಿ ಒಂದು ಹಾಡಿಲ್ಲ. ತಂದೆಯವರಿಗೆ ಪದ ಬರುತ್ತಿತ್ತು, ಅಮ್ಮನಿಗೆ ಶೋಭಾನೆ ಬರುತ್ತದೆ, ನನಗೆ ಅವು ಎಲ್ಲಿವೆ ಎಂಬ ವಿಳಾಸ ಮಾತ್ರ ಗೊತ್ತು. ಅಂದು ಫೋನಿಗೆ ಹೋದ ಆ ಖಾಲಿ ಪ್ಲೇಲಿಸ್ಟು ಯಾರ ಚಿತ್ರವೆಂದು ಆಗ ತಿಳಿಯಿತು.

ಈಗ ಭಾನುವಾರ ಸಂಜೆ ಅಮ್ಮನಿಗೆ ಫೋನು ಮಾಡಿ ಕಲಿಯುತ್ತಿದ್ದೇನೆ. ಎಂಬತ್ತೆರಡರ ಗುರು, ಅರುವತ್ತರ ಶಿಷ್ಯ. ತೊಟ್ಟಿಲ ಹಾಡಿನ ಎರಡು ನುಡಿ ಬಂದಿವೆ. ಮೂರನೆಯದರಲ್ಲಿ ಒಂದು ಶಬ್ದ ಅಮ್ಮ ಒಂದು ವಾರ ಒಂದು ರೀತಿ ಹೇಳುತ್ತಾರೆ, ಇನ್ನೊಂದು ವಾರ ಬೇರೆ ರೀತಿ. ಯಾವುದು ಸರಿ ಎಂದು ಕೇಳಿದರೆ, ‘ಎರಡೂ ಇದ್ದು’ ಎನ್ನುತ್ತಾರೆ. ಎರಡನ್ನೂ ಕಲಿಯುತ್ತಿದ್ದೇನೆ.